ಟ್ರೈಪಾಡ್ ಆಮೇಲೆ, ಮೊದಲು ನಡಿಗೆ

ಹೆಸರಾಂತ ವ್ಯೂಪಾಯಿಂಟ್ ತಲುಪಿದ ಕೂಡಲೇ ಬಹಳಷ್ಟು ಮಂದಿ ಟ್ರೈಪಾಡ್ ಬಿಚ್ಚಿಬಿಡುತ್ತಾರೆ. ಒಮ್ಮೆ ಅದು ನೆಲಕ್ಕೂರಿತೆಂದರೆ ಜಾಗ ಬದಲಿಸಲು ಮನಸ್ಸೇ ಬರುವುದಿಲ್ಲ, ಜೂಮ್ ತಿರುಗಿಸುತ್ತಲೇ ಚಿತ್ರ ಹುಡುಕುತ್ತಾರೆ. ನನ್ನ ಬಳಿ ಕಲಿಯಲು ಬಂದವರಿಗೆ ಹೇಳುವ ಮೊದಲ ಮಾತು: ಟ್ರೈಪಾಡ್ ಚೀಲದಲ್ಲೇ ಇರಲಿ, ಕ್ಯಾಮೆರಾ ಕೈಯಲ್ಲಿ ಹಿಡಿದು ಸುತ್ತಾಡಿ. ಹತ್ತಿರದ ಬಂಡೆ ದೂರದ ಬೆಟ್ಟದ ಎದುರು ಎಷ್ಟು ದೊಡ್ಡದಾಗಿ ಕಾಣಬೇಕೆಂದು ತೀರ್ಮಾನಿಸುವುದು ನೀವು ನಿಂತ ಜಾಗ. ಲೆನ್ಸ್ ಆ ನೋಟದಿಂದ ಒಂದು ತುಂಡನ್ನು ಕತ್ತರಿಸಿ ಕೊಡುತ್ತದೆ, ಅಷ್ಟೇ.

ಎತ್ತರವೂ ಹಾಗೆಯೇ. ನೀರಿನಲ್ಲಿ ಚದುರಿದ ಕಲ್ಲುಗಳನ್ನು ಕಣ್ಣೆತ್ತರದಿಂದ ನೋಡಿದರೆ ನಡುನಡುವೆ ನೀರು ಕಂಡು ಒಂದೊಂದೂ ಬಿಡಿಯಾಗಿ ನಿಲ್ಲುತ್ತದೆ. ಮೊಣಕಾಲ ಮಟ್ಟಕ್ಕೆ ಕೂತರೆ ಅವೇ ಕಲ್ಲುಗಳು ಒಂದಕ್ಕೊಂದು ಅಂಟಿಕೊಂಡು, ನೀರು ಗೆರೆಯಷ್ಟೇ ಉಳಿಯುತ್ತದೆ. ಮರದ ತುದಿ ಬೆಟ್ಟದ ಅಂಚಿಗೆ ಸರಿಯಾಗಿ ತಾಗಿದ್ದರೆ ಕ್ಯಾಮೆರಾವನ್ನು ಒಂದು ಗೇಣು ಏರಿಸಿ ಅಥವಾ ಇಳಿಸಿ ನೋಡಿ. ಫೋಟೋಶಾಪ್‌ನಲ್ಲಿ ಸರಿಪಡಿಸುವ ದೋಷ ಅದಲ್ಲ.

ಇನ್ನು ಸಮಯ. ಬೆಳಗಿನ, ಸಂಜೆಯ ಹೊಂಬಿಸಿಲ ಬಗ್ಗೆ ಎಲ್ಲರೂ ಬರೆದಿದ್ದಾರೆ. ನನಗೆ ಹೆಚ್ಚು ಪ್ರಿಯವಾದದ್ದು ಹುಣ್ಣಿಮೆಯ ಹಿಂದಿನ ಸಂಜೆ. ಹುಣ್ಣಿಮೆಯಂದು ಚಂದ್ರ ಹುಟ್ಟುವುದು ಹೆಚ್ಚುಕಡಿಮೆ ಸೂರ್ಯ ಮುಳುಗುವಾಗ. ಅದು ಮರಗಳ ಮೇಲೆ ಬರುವಷ್ಟರಲ್ಲಿ ನೆಲ ಕತ್ತಲಾಗಿ, ಚಂದ್ರ ಬರಿಯ ಬಿಳಿ ಬಿಲ್ಲೆಯಾಗುತ್ತದೆ. ಹಿಂದಿನ ದಿನ ಅದು ಸರಾಸರಿ 50 ನಿಮಿಷ ಮೊದಲೇ ಬರುತ್ತದೆ (ಅಕ್ಷಾಂಶ, ಋತುವಿಗೆ ತಕ್ಕಂತೆ ವ್ಯತ್ಯಾಸವಿದೆ). ಆಗ ನೆಲದ ಮೇಲೆ ಇನ್ನೂ ಬಿಸಿಲಿರುತ್ತದೆ, ಒಂದೇ ಎಕ್ಸ್‌ಪೋಶರ್‌ನಲ್ಲಿ, ಅಂದರೆ ಒಂದೇ ಕ್ಲಿಕ್ಕಿನಲ್ಲಿ, ನೆಲ, ಚಂದ್ರ ಎರಡೂ ಸಿಗುತ್ತವೆ. ನ್ಯೂ ಮೆಕ್ಸಿಕೋದ ಹರ್ನಾಂಡಿಸ್‌ನಲ್ಲಿ ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ತೆಗೆದ ಪ್ರಸಿದ್ಧ ಚಿತ್ರದಲ್ಲೂ ಮೇಲೆ ಚಂದ್ರ, ಕೆಳಗೆ ಶಿಲುಬೆಗಳ ಮೇಲೆ ಕೊನೆಯ ಬಿಸಿಲು. ಅದನ್ನು ತೆಗೆದ ದಿನಾಂಕ ಬಹುಕಾಲ ಗೊಂದಲದಲ್ಲಿತ್ತು. ಕೊನೆಗೆ ಚಂದ್ರ ಇದ್ದ ಜಾಗದ ಲೆಕ್ಕ ಹಾಕಿಯೇ 1941ರ ನವೆಂಬರ್ 1 ಎಂದು ಗೊತ್ತುಮಾಡಿದರು.

ಆ ಲೆಕ್ಕವನ್ನು ನಾವು ಮುಂದಕ್ಕೂ ಹಾಕಬಹುದು. ಆಕಾಶದಲ್ಲಿ ಚಂದ್ರನ ಅಗಲ ಸುಮಾರು ಅರ್ಧ ಡಿಗ್ರಿ. 10 ಮೀಟರ್ ಎತ್ತರದ ಒಂಟಿ ಮರ ಚಂದ್ರನಷ್ಟೇ ದೊಡ್ಡದಾಗಿ ಕಾಣಬೇಕಾದರೆ ನೀವು 1,100 ಮೀಟರಿನಷ್ಟು ಹಿಂದೆ ಸರಿಯಬೇಕು. 400 ಎಂಎಂ ಲೆನ್ಸ್ ಹಾಕಿದರೂ ಫುಲ್ ಫ್ರೇಮ್ ಸೆನ್ಸರ್ (ಚಿತ್ರ ಮೂಡುವ, 36 ಮಿಲಿಮೀಟರ್ ಅಗಲದ ಫಲಕ) ಮೇಲೆ ಚಂದ್ರ ಬೀಳುವುದು ಮೂರೂವರೆ ಮಿಲಿಮೀಟರ್ ಮಾತ್ರ. ಚಂದ್ರ ಯಾವ ದಿಕ್ಕಿನಲ್ಲಿ, ಎಷ್ಟು ಹೊತ್ತಿಗೆ ಹುಟ್ಟುತ್ತಾನೆಂದು ಫೋನಿನ ಆ್ಯಪ್‌ಗಳು ತಿಳಿಸುತ್ತವೆ. ದಿಗಂತದಲ್ಲಿ ಬೆಟ್ಟವಿದ್ದರೆ ಅದರ ಎತ್ತರದ ತಡವನ್ನು ನೀವೇ ಸೇರಿಸಿಕೊಳ್ಳಬೇಕು.

ಚಂದ್ರ ತನ್ನ ಅಗಲದಷ್ಟು ದೂರ ಸರಿಯಲು ಎರಡು ನಿಮಿಷ ಸಾಕು. ಅವನು ಬಲಕ್ಕೆ ಸರಿದಂತೆ ನೀವು ಎಡಕ್ಕೆ ಹೆಜ್ಜೆಯಿಟ್ಟರೆ ಮತ್ತೆ ಮರದ ಹಿಂದೆಯೇ ಬರುತ್ತಾನೆ. 1,100 ಮೀಟರ್ ದೂರದಿಂದಾದರೆ ಒಂದು ಚಂದ್ರನ ಅಗಲಕ್ಕೆ 10 ಮೀಟರ್ ನಡೆಯಬೇಕು. ಹಾಗಾಗಿ ಅಡ್ಡಕ್ಕೆ ಓಡಾಡಲು ಬೇಲಿ, ಹಳ್ಳ ಇಲ್ಲದ ಜಾಗವನ್ನು ಹಗಲಲ್ಲೇ ನೋಡಿಟ್ಟುಕೊಳ್ಳಿ.