ಹೊಸ ಬೇರಿಂಗ್ ಹಾಕಿದರೂ ಸ್ಕೂಟರ್ ಯಾಕೆ ಗುಂಯ್‌ಗುಡುತ್ತದೆ?

ಪುಣೆಯಲ್ಲಿ ಹಳೆ ಚೇತಕ್ ಸ್ಕೂಟರ್‌ಗಳು ಇನ್ನೂ ಓಡಾಡುತ್ತಿವೆ. 1972ರಲ್ಲಿ ಬಂದ ಗಾಡಿ, ಇಲ್ಲೇ ಆಕುರ್ಡಿಯಲ್ಲಿ ತಯಾರಾಗುತ್ತಿತ್ತು. ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಇಲ್ಲಿ ನೆಲೆಸಿದ ನಮ್ಮವರು ಅಪ್ಪನ ಕಾಲದ ಸ್ಕೂಟರನ್ನು ಮಾರದೆ ಇಟ್ಟುಕೊಂಡು ಇಂಜಿನ್ ಕೆಲಸಕ್ಕೆ ನನ್ನ ಹತ್ತಿರ ತರುತ್ತಾರೆ. ಅವರಿಂದ ಜಾಸ್ತಿ ಕೇಳಿಬರುವ ಮಾತು ಇದು: "ಹೊಸಾ ಬೇರಿಂಗೇ ಹಾಕಿಸೀನ್ರಿ ಕಾಕಾ, ಮತ್ತ ಯಾಕ ಸದ್ದು ಬರ್ತದ?"

ಬೇರಿಂಗ್ ಹೊಸದೇ ಇರುತ್ತದೆ. ಆದರೆ ಕೂರಿಸುವಾಗಲೇ ಅದು ಕೆಟ್ಟಿರುತ್ತದೆ.

ತಿರುಗುವ ಶಾಫ್ಟನ್ನು ಹಿಡಿದುಕೊಳ್ಳುವ ಬೇರಿಂಗಿಗೆ ಎರಡು ರೇಸ್, ಅಂದರೆ ಉಕ್ಕಿನ ಬಳೆ, ಒಳಗಿನದು ಮತ್ತು ಹೊರಗಿನದು. ನಡುವೆ ಗುಂಡುಗಳು. ಕೇಸಿಂಗ್‌ಗೆ, ಅಂದರೆ ಇಂಜಿನ್ನಿನ ಹೊರಕವಚಕ್ಕೆ, ಹಾಕುವಾಗ ಬಿಗಿಯಾಗಿ ಕೂರುವುದು ಹೊರ ರೇಸ್, ಆದ್ದರಿಂದ ಒತ್ತುವುದೂ ಹೊರ ರೇಸನ್ನೇ. ಶಾಫ್ಟ್ ಮೇಲೆ ಏರಿಸುವಾಗ ಒಳ ರೇಸ್ ಒತ್ತಬೇಕು. ಇದನ್ನು ಅದಲುಬದಲು ಮಾಡಿ ಸುತ್ತಿಗೆಯಿಂದ ಬಡಿದರೆ ಏಟು ಗುಂಡುಗಳ ಮೂಲಕ ಹಾದುಹೋಗುತ್ತದೆ. ರೇಸ್ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿ ಬೀಳುತ್ತದೆ. ಗುಂಡು ಪ್ರತಿ ಸುತ್ತಿಗೂ ಆ ಗುಳಿಯನ್ನು ಹಾದು ಅದನ್ನು ಅಗಲ ಮಾಡುತ್ತಾ ಹೋಗುತ್ತದೆ. ಕಾತ್ರಜ್ ಘಾಟ್ ಹತ್ತುವಾಗ ಕೇಳುವ ಆ ಗುಂಯ್ ಸದ್ದು ಅಲ್ಲಿಂದ ಬಂದದ್ದು.

ಸುತ್ತಿಗೆ ಬೇಡ ಅಂದರೆ ಮತ್ತೇನು? ಶಾಖ. ಕೇಸಿಂಗ್ ಅಲ್ಯೂಮಿನಿಯಂ, ಬೇರಿಂಗ್ ಉಕ್ಕು. ಅಷ್ಟೇ ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. 6204 ನಂಬರಿನ ಬೇರಿಂಗನ್ನೇ ತೆಗೆದುಕೊಳ್ಳಿ. ಅದರ ಹೊರ ವ್ಯಾಸ 47 ಮಿ.ಮೀ. ಕೇಸಿಂಗನ್ನು 30 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಿದರೆ ಬೇರಿಂಗ್ ಕೂರುವ ರಂಧ್ರ ಸುಮಾರು 0.075 ಮಿ.ಮೀ. ಹಿಗ್ಗುತ್ತದೆ. ಬೇರಿಂಗನ್ನು ಫ್ರೀಜರ್‌ನಲ್ಲಿಟ್ಟರೆ ಅದು 0.025ರಷ್ಟು ಕುಗ್ಗುತ್ತದೆ. ಎರಡೂ ಸೇರಿ 0.1 ಮಿ.ಮೀ. ಜಾಗ ಸಿಗುತ್ತದೆ. ಅಷ್ಟಾದರೆ ಬೇರಿಂಗ್ ತಾನಾಗಿ ಒಳಗೆ ಜಾರಿ 'ಟಕ್' ಅಂತ ತಳ ಮುಟ್ಟುತ್ತದೆ. ಆ ಸದ್ದು ಕೇಳಿದಾಗ ನನಗೆ ಈಗಲೂ ಖುಷಿಯಾಗುತ್ತದೆ.

ಆದರೆ ಕೈ ಚುರುಕಾಗಿರಬೇಕು. ಬೇರಿಂಗ್ ಒಳಗೆ ಹೋದ ಕ್ಷಣದಿಂದ ತಾನೂ ಕಾಯತೊಡಗುತ್ತದೆ, ಕೇಸಿಂಗ್ ಆರತೊಡಗುತ್ತದೆ. ಅರ್ಧದಲ್ಲಿ ಓರೆಯಾಗಿ ನಿಂತರೆ ಬಡಿದು ನೆಟ್ಟಗೆ ಮಾಡಬೇಡಿ. ಮತ್ತೆ ಕಾಯಿಸಿ, ಹೊರಗೆ ತೆಗೆದು, ಮೊದಲಿನಿಂದ ಶುರು ಮಾಡಿ. ಕಾಯಿಸಲು ಓವನ್ ಅಥವಾ ಕರೆಂಟ್ ಒಲೆ ಸಾಕು. ನೀರಿನ ಹನಿ ಬಿಟ್ಟಾಗ ಚುಯ್ ಎಂದು ಆರಿದರೆ ಬಿಸಿ ಆಗಿದೆ ಅಂತ ಲೆಕ್ಕ. ಗ್ಯಾಸ್ ಉರಿಯನ್ನು ಒಂದೇ ಕಡೆ ಹಿಡಿದರೆ ಕೇಸಿಂಗ್ ಸೊಟ್ಟಗಾಗಬಹುದು. ಆಯಿಲ್ ಸೀಲ್ (ಶಾಫ್ಟ್ ಸುತ್ತ ಸೋರದಂತೆ ತಡೆಯುವ ರಬ್ಬರ್ ಬಳೆ) ಇದ್ದರೆ ಮೊದಲೇ ತೆಗೆಯಿರಿ. ಮಳೆಗಾಲದಲ್ಲಿ ಇನ್ನೊಂದು ಎಚ್ಚರ ಬೇಕು. ಫ್ರೀಜರ್‌ನಿಂದ ತೆಗೆದ ಬೇರಿಂಗ್ ಮೇಲೆ ಪುಣೆಯ ಜುಲೈ ತಿಂಗಳ ಗಾಳಿ ತಕ್ಷಣ ನೀರು ಕಟ್ಟಿಸುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡಿ, ಕೂರಿಸಿದ ಕೂಡಲೇ ಎಣ್ಣೆ ಬಿಡಿ.

ನಾನಾ ಪೇಠೆಯಲ್ಲಿ ಬೇರಿಂಗ್ ಕೊಳ್ಳುವಾಗ ಬರೀ ನಂಬರ್ ಹೇಳಬೇಡಿ, ಸಿ3, ಅಂದರೆ ಗುಂಡು ಮತ್ತು ರೇಸ್ ನಡುವೆ ಸಂದು ಜಾಸ್ತಿ ಇರುವುದು, ಬೇಕು ಅಂತ ಕೇಳಿ. 6204ರಲ್ಲಿ ಸಾಮಾನ್ಯ ಬೇರಿಂಗ್ ಒಳಗಿನ ಸಂದು 5ರಿಂದ 20 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದಲ್ಲಿ ಒಂದು ಭಾಗ). ಸಿ3ಯಲ್ಲಿ 13ರಿಂದ 28. ಬಿಗಿಯಾಗಿ ಕೂತಾಗ ಹೊರ ರೇಸ್ ಕುಗ್ಗುತ್ತದೆ, ಇಂಜಿನ್ ಕಾದಾಗ ಒಳ ರೇಸ್ ಹಿಗ್ಗುತ್ತದೆ. ಜಾಸ್ತಿ ಸಂದು ಬೇಕಾಗುವುದು ಅದಕ್ಕೇ. ಕೈಯಲ್ಲಿ ಅಲ್ಲಾಡಿಸಿ "ಇದು ಲೂಸ್ ಇದೆ" ಅಂತ ವಾಪಸ್ ಕೊಡುವವರಿದ್ದಾರೆ. ಕೊಡಬೇಡಿ.

ಇನ್ನು ಕ್ರ್ಯಾಂಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವುದನ್ನು ತಿರುಗಾಟಕ್ಕೆ ಬದಲಿಸುವ ಶಾಫ್ಟ್. ಸ್ಕೂಟರಿನ ಕ್ರ್ಯಾಂಕ್ ಒಂದೇ ಉಕ್ಕಿನ ತುಂಡಲ್ಲ. ಎರಡು ದಪ್ಪ ಬಿಲ್ಲೆಗಳನ್ನು ಒಂದು ಪಿನ್ ಮೇಲೆ ಒತ್ತಿ ಸೇರಿಸಿರುತ್ತಾರೆ, ಪಿನ್ ಮೇಲೆ ಪಿಸ್ಟನ್ನಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ತಿರುಗುತ್ತದೆ. ಶಾಫ್ಟ್ ತುದಿಗೆ ಏಟು ಬಿದ್ದರೆ ಬಿಲ್ಲೆಗಳು ಪಿನ್ ಮೇಲೆ ಹೊರಳಿಬಿಡುತ್ತವೆ. ಆದ್ದರಿಂದ ಕ್ರ್ಯಾಂಕನ್ನು ಬೇರಿಂಗ್ ಒಳಗೆ ಪುಲ್ಲರ್‌ನಿಂದ ಎಳೆದುಕೊಳ್ಳಬೇಕು. ರಾಡ್ ಕಿಟ್ ಬದಲಿಸಿದ ಮೇಲಂತೂ ಓಲಾಟ ಅಳೆಯುವ ಡಯಲ್ ಗೇಜ್ ಇಟ್ಟು ಎರಡೂ ತುದಿ ನೋಡಲೇಬೇಕು. ಓಲಾಟ 0.03 ಮಿ.ಮೀ. ದಾಟಿದ ಕ್ರ್ಯಾಂಕನ್ನು ನಾನು ಹಾಕುವುದಿಲ್ಲ, ಗಿರಾಕಿಗೆ ಎಷ್ಟೇ ಅವಸರ ಇರಲಿ. ರಾಡನ್ನು ಮೇಲೆ ಕೆಳಗೆ ಎಳೆದರೆ ಆಟ ಇರಬಾರದು. ಪಕ್ಕಕ್ಕೆ ಸ್ವಲ್ಪ ಆಟ ಇರಲೇಬೇಕು.

ಟೂ ಸ್ಟ್ರೋಕ್ ಚೇತಕ್‌ನಲ್ಲಿ ಇದಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. ಅಲ್ಲಿ ಕ್ರ್ಯಾಂಕಿನ ಬಿಲ್ಲೆಯೇ ಪೆಟ್ರೋಲ್ ಒಳಬರುವ ಬಾಗಿಲನ್ನು ತೆರೆದು ಮುಚ್ಚುತ್ತದೆ. ಕೇಸಿಂಗ್‌ನ ನುಣುಪು ಮೈಗೂ ಬಿಲ್ಲೆಗೂ ನಡುವೆ ಕೂದಲೆಳೆಯಷ್ಟು ಜಾಗ. ಕ್ರ್ಯಾಂಕ್ ಓಲಾಡಿದರೆ ಆ ಮೈ ಗೀರಿಹೋಗುತ್ತದೆ. ಆಮೇಲೆ ಪೆಟ್ರೋಲ್ ಕಾರ್ಬುರೇಟರ್ ಕಡೆಗೇ ವಾಪಸ್ ಉಗುಳುತ್ತದೆ, ಎಷ್ಟು ಕಿಕ್ ಹೊಡೆದರೂ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಬೇರಿಂಗ್ ಬದಲಿಸಬಹುದು, ಕ್ರ್ಯಾಂಕ್ ಬದಲಿಸಬಹುದು. ಆ ಮೈ ಕೇಸಿಂಗಿನದೇ ಭಾಗ ಅಲ್ವಾ?

ಸೀಲ್‌ಗಳ ವಿಷಯ ಚಿಕ್ಕದು. ಕ್ರ್ಯಾಂಕಿನ ಎರಡೂ ಬದಿಗೆ ಹೊಸದು ಹಾಕಿ, ತುಟಿಗೆ ಎಣ್ಣೆ ಸವರಿ. ಕ್ಲಚ್ ಕಡೆಯದು ಸೋರಿದರೆ ಇಂಜಿನ್ ಗೇರ್ ಆಯಿಲ್ ಎಳೆದುಕೊಂಡು ಬಿಳಿ ಹೊಗೆ ಬಿಡುತ್ತದೆ. ಮ್ಯಾಗ್ನೆಟ್ ಕಡೆಯದು ಸೋರಿದರೆ ಬರೀ ಗಾಳಿ ಎಳೆದು ಪಿಸ್ಟನ್ ಸೀಜ್ ಆಗುತ್ತದೆ, ಅಂದರೆ ಒಳಗೇ ಕಚ್ಚಿಕೊಂಡು ನಿಲ್ಲುತ್ತದೆ.

ಹಳೆ ಬೇರಿಂಗನ್ನು ಮಾತ್ರ ಎಸೆಯುವ ಮೊದಲು ಅದರ ಹೊರಮೈ ನೋಡಿ. ಸುತ್ತಲೂ ಉಜ್ಜಿದ ಹಾಗೆ ಹೊಳೆಯುತ್ತಿದ್ದರೆ ಅದು ಕೇಸಿಂಗ್ ಒಳಗೇ ತಿರುಗಿದೆ, ರಂಧ್ರ ಸವೆದಿದೆ ಎಂದರ್ಥ. ಅಂಥ ರಂಧ್ರಕ್ಕೆ ಪಂಚ್‌ನಿಂದ ಚುಕ್ಕಿ ಹೊಡೆದು ಹೊಸ ಬೇರಿಂಗ್ ಕೂರಿಸುವ ರೂಢಿ ಇದೆ. ಅದು ಕೆಲವು ದಿನ ಹಿಡಿಯುತ್ತದೆ, ಮತ್ತೆ ತಿರುಗುತ್ತದೆ. ರಂಧ್ರವನ್ನು ಬೋರ್ ಮಾಡಿಸಿ, ಸ್ಲೀವ್ ಅಂದರೆ ಲೋಹದ ಬಳೆ ಕೂರಿಸಿ, ಬೇರಿಂಗ್ ಅಳತೆಗೆ ಮತ್ತೆ ಬೋರ್ ಮಾಡಿಸಿದರೆ ಕೇಸಿಂಗ್ ಉಳಿಯುತ್ತದೆ. ಭೋಸರಿ ಕಡೆ ಲೇತ್ ಕೆಲಸದವರು ಬೇಕಾದಷ್ಟು ಇದ್ದಾರೆ. ಹೋಗುವಾಗ ಕೇಸಿಂಗ್ ಜೊತೆ ಹೊಸ ಬೇರಿಂಗನ್ನೂ ಒಯ್ಯಿರಿ, ಅದರ ಮೇಲೇ ಅಳತೆ ತೆಗೆದುಕೊಳ್ಳಲಿ.