ಮೈಸೂರಿಗೆ ಓದಲು ಬಂದವರು ಎಲ್ಲಿ ಉಂಡರು, ಎಲ್ಲಿ ಮಲಗಿದರು

ಮೈಸೂರಿನವರು ಸೌಮ್ಯ ಜನ, ಯಾರು ಬಂದರೂ ಹೊಂದಿಕೊಂಡು ಹೋಗುವ ಊರು ಎಂಬ ಮಾತನ್ನು ನಾವೆಲ್ಲ ಕೇಳಿಕೊಂಡೇ ಬೆಳೆದಿದ್ದೇವೆ. ಮಾತು ಪೂರ್ತಿ ಸುಳ್ಳೇನಲ್ಲ. ಆದರೆ ಈ ಹೊಂದಾಣಿಕೆ ಊರಿನ ಗಾಳಿಯಲ್ಲೇ ಇತ್ತು ಎಂದು ನಂಬಿಬಿಟ್ಟರೆ, ಅದಕ್ಕಾಗಿ ದುಡಿದವರನ್ನು ಮರೆತ ಹಾಗಾಗುತ್ತದೆ. ಮೈಸೂರಿನ ಸಹಬಾಳ್ವೆಗೆ ಒಂದು ಚರಿತ್ರೆ ಇದೆ. ಅದನ್ನು ತಿಳಿಯಬೇಕಾದರೆ ಅರಮನೆಗಿಂತ ಹೆಚ್ಚಾಗಿ ಹಾಸ್ಟೆಲ್ಲುಗಳ ಅಡುಗೆಮನೆ ಕಡೆ ನೋಡಬೇಕು ಅನ್ನುವುದು ನನ್ನ ಅನಿಸಿಕೆ.

ಮೈಸೂರು ವಿಶ್ವವಿದ್ಯಾನಿಲಯ ಶುರುವಾದದ್ದು 1916ರ ಜುಲೈ 27ರಂದು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು, ವಿಶ್ವೇಶ್ವರಯ್ಯ ದಿವಾನರು. ಎಚ್.ವಿ. ನಂಜುಂಡಯ್ಯ ಮೊದಲ ಕುಲಪತಿ. ಅಲ್ಲಿಯವರೆಗೆ ಇಲ್ಲಿನ ಹುಡುಗರು ಮದ್ರಾಸ್ ವಿಶ್ವವಿದ್ಯಾನಿಲಯದ ಪರೀಕ್ಷೆ ಬರೆಯುತ್ತಿದ್ದರು. ಬ್ರಿಟಿಷ್ ಆಡಳಿತದ ಹೊರಗೆ, ಒಂದು ದೇಶೀ ಸಂಸ್ಥಾನ ತನ್ನದೇ ವಿಶ್ವವಿದ್ಯಾನಿಲಯ ಕಟ್ಟಿದ್ದು ಅದೇ ಮೊದಲು. ಕಾಲೇಜಿನ ಬಾಗಿಲು ಕಾಗದದ ಮೇಲೆ ಎಲ್ಲರಿಗೂ ತೆರೆದಿತ್ತು. ಒಳಗೆ ಕೂತವರಲ್ಲಿ ಬಹುಪಾಲು ಬ್ರಾಹ್ಮಣ ಮನೆತನದ ಗಂಡು ಮಕ್ಕಳು.

ಯಾಕೆ ಹೀಗೆ? ಫೀಸು ಒಂದು ಕಾರಣ, ಇಂಗ್ಲಿಷ್ ಇನ್ನೊಂದು. ಅವೆರಡಕ್ಕಿಂತ ಸರಳವಾದ ಮೂರನೇ ಕಾರಣವೊಂದಿತ್ತು: ಊಟ. ಹಳ್ಳಿಯಿಂದ ಹುಡುಗನೊಬ್ಬ ಟ್ರಂಕು ಹೊತ್ತು ಮೈಸೂರಿಗೆ ಬಂದ ಅಂದುಕೊಳ್ಳಿ. ಬ್ರಾಹ್ಮಣರ ಬಡ ಹುಡುಗನಾದರೆ ಅವನಿಗೆ ವಾರಾನ್ನವಿತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ದಿನಕ್ಕೆ ಏಳು ಮನೆ. ಅದು ಸುಖದ ಬದುಕೇನಲ್ಲ. ಯಾರದೋ ಮನೆಯ ಹಜಾರದಲ್ಲಿ ಎಲೆ ಹಾಕುವವರೆಗೆ ಕಾಯಬೇಕು, ಆ ಮನೆಯ ಮಡಿ ಮೈಲಿಗೆಗೆ ತಗ್ಗಿ ಬಗ್ಗಿ ನಡೆಯಬೇಕು, ಒಂದು ಮನೆ ತಪ್ಪಿದರೆ ಅವತ್ತು ಉಪವಾಸ. ಆದರೂ ಹೊಟ್ಟೆಗೆ ಒಂದು ದಾರಿ ಇತ್ತು. ಒಕ್ಕಲಿಗರ, ಕುರುಬರ, ಉಪ್ಪಾರರ ಹುಡುಗನಿಗೆ ಆ ದಾರಿ ಇರಲಿಲ್ಲ. ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಪಂಕ್ತಿ, ಉಳಿದವರಿಗೆ ಬೇರೆ ಜಾಗ. ದಲಿತರ ಹುಡುಗನಿಗೆ ಹೋಟೆಲಿನ ಒಳಕ್ಕೇ ಪ್ರವೇಶವಿಲ್ಲ, ಅಗ್ರಹಾರದಲ್ಲಿ ಕೋಣೆ ಸಿಗುವ ಮಾತೂ ಇಲ್ಲ. ಹೀಗಿರುವಾಗ ಕಾಲೇಜಿನ ಬಾಗಿಲು ತೆರೆದಿದ್ದು ಏನು ಬಂತು?

ಉತ್ತರವಾಗಿ ಹುಟ್ಟಿದ್ದು ಜಾತಿವಾರು ಹಾಸ್ಟೆಲ್ಲುಗಳು. ಆ ಕಾಲದಲ್ಲಿ ಸಂಸ್ಥಾನದಲ್ಲಿ ಒಂದರ ಹಿಂದೆ ಒಂದು ಸಂಘಗಳು ಎದ್ದವು. 1905ರಲ್ಲಿ ಲಿಂಗಾಯತರ ವಿದ್ಯಾಭಿವೃದ್ಧಿಯ ಸಂಸ್ಥೆ, 1906ರಲ್ಲಿ ಒಕ್ಕಲಿಗರ ಸಂಘ, 1909ರಲ್ಲಿ ಮುಸ್ಲಿಮರ ಸೆಂಟ್ರಲ್ ಅಸೋಸಿಯೇಷನ್. ಎಲ್ಲರ ಮೊದಲ ಕಾಳಜಿಯೂ ಹೆಚ್ಚುಕಡಿಮೆ ಒಂದೇ: ನಮ್ಮ ಹುಡುಗರು ಓದಬೇಕು, ಓದಬೇಕಾದರೆ ಪಟ್ಟಣದಲ್ಲಿ ಅವರಿಗೆ ಉಣ್ಣಲು, ಮಲಗಲು ಜಾಗ ಬೇಕು. ಇವತ್ತು ‘ಜಾತಿ ಹಾಸ್ಟೆಲ್’ ಅಂದ ಕೂಡಲೇ ಮುಖ ಸಿಂಡರಿಸುವವರಿದ್ದಾರೆ. ಅವರಿಗೆ ಈ ಹಿನ್ನೆಲೆ ಗೊತ್ತಿರಬೇಕು. ಬೇರೆ ಬೇರೆ ಅಡುಗೆಮನೆಗಳಲ್ಲಿ ಉಂಡು ಬಂದರೂ ಆ ಹುಡುಗರು ಕೂತದ್ದು ಒಂದೇ ಬೆಂಚಿನ ಮೇಲೆ. ಆ ಅಡುಗೆಮನೆಗಳು ಇರದಿದ್ದರೆ ಬೆಂಚೂ ಸಿಗುತ್ತಿರಲಿಲ್ಲ.

ದಲಿತ ಮಕ್ಕಳ ವಿಷಯ ಇನ್ನೂ ಕಠಿಣವಾಗಿತ್ತು. 1910ರ ದಶಕದಲ್ಲಿ ಸರ್ಕಾರಿ ಶಾಲೆಗಳಿಗೆ ಅವರನ್ನು ಸೇರಿಸಿಕೊಳ್ಳಲೇಬೇಕು ಎಂದು ಸರ್ಕಾರ ಹೇಳಿತು. ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿ ಆಮೇಲೆ ಶಿಕ್ಷಣ ಇಲಾಖೆಯ ಹೊಣೆ ಹೊತ್ತ ಸಿ.ಆರ್. ರೆಡ್ಡಿ ಈ ನೀತಿಯ ಬೆನ್ನಿಗೆ ನಿಂತರು. ಕೆಲವು ಕಡೆ ಮೇಲ್ಜಾತಿಯವರು ಸಿಟ್ಟಿನಿಂದ ತಮ್ಮ ಮಕ್ಕಳನ್ನೇ ಶಾಲೆ ಬಿಡಿಸಿದರು. ಅದೇ ಹೊತ್ತಿನಲ್ಲಿ ಗೋಪಾಲಸ್ವಾಮಿ ಅಯ್ಯರ್ ಎಂಬ ಮೇಷ್ಟ್ರು ಮೈಸೂರಿನಲ್ಲಿ ಆಗ ‘ಪಂಚಮರ ಬೋರ್ಡಿಂಗ್ ಶಾಲೆ’ ಎನ್ನುತ್ತಿದ್ದ ಶಾಲೆಯ ಮಕ್ಕಳ ಓದು, ಊಟವನ್ನು ಮೈಮೇಲೆ ಹಾಕಿಕೊಂಡರು. ಬ್ರಾಹ್ಮಣರಾಗಿ ಹುಟ್ಟಿ ಅವರು ಇದನ್ನು ಮಾಡಿದ್ದಕ್ಕೆ ಸ್ವಂತದವರಿಂದಲೇ ಎಷ್ಟು ಮಾತು ಕೇಳಿರಬೇಕು ಎಂದು ಊಹಿಸುವುದು ಕಷ್ಟವಲ್ಲ. ಬೆಂಗಳೂರಿನಲ್ಲಿ ಅವರ ಹೆಸರಿನ ಹಾಸ್ಟೆಲ್ ಈಗಲೂ ಇದೆ. ಮೈಸೂರಿನ ಎಷ್ಟು ವಿದ್ಯಾರ್ಥಿಗಳಿಗೆ ಆ ಹೆಸರು ಗೊತ್ತು?

ಇನ್ನು ಸರ್ಕಾರದ ಮಟ್ಟದ ಜಗಳ. ಇಲ್ಲಿ ಒಂದು ಹಳೆಯ ಎಳೆಯನ್ನು ಹೇಳಬೇಕು. ಮೈಸೂರಿನ ಮೊದಲ ದೊಡ್ಡ ತಕರಾರು ಬ್ರಾಹ್ಮಣರ ಒಳಗೇ ನಡೆದದ್ದು. ರಂಗಾಚಾರ್ಲು, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲದಲ್ಲಿ ಮದ್ರಾಸಿನ ಕಡೆಯಿಂದ ಬಂದವರಿಗೆ ದೊಡ್ಡ ಹುದ್ದೆಗಳು ಸಿಗುತ್ತಿವೆ, ನಮ್ಮವರಿಗೆ ಇಲ್ಲ ಎಂಬ ಅಸಮಾಧಾನ ಬೆಳೆದಿತ್ತು. ‘ಮೈಸೂರು ಮೈಸೂರಿನವರಿಗೆ’ ಎಂಬ ಕೂಗು ಆಗಿನದು. ಅದೇ ಕೂಗನ್ನು ಉಳಿದ ಜಾತಿಗಳ ಮುಖಂಡರು ಎತ್ತಿಕೊಂಡು, ಮೈಸೂರಿನವರು ಅಂದರೆ ಯಾರು, ನಾವೂ ಅಲ್ವಾ ಎಂದು ಕೇಳಿದರು. 1918ರಲ್ಲಿ ಮಹಾರಾಜರು ಮುಖ್ಯ ನ್ಯಾಯಾಧೀಶರಾಗಿದ್ದ ಲೆಸ್ಲಿ ಮಿಲ್ಲರ್ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿದರು. ಪ್ರತಿಭೆಯೊಂದೇ ಅಳತೆಯಾಗಬೇಕು ಎಂದು ನಂಬಿದ್ದ ವಿಶ್ವೇಶ್ವರಯ್ಯನವರು ಇದನ್ನು ಒಪ್ಪಲಿಲ್ಲ, ಹುದ್ದೆ ಬಿಟ್ಟರು. 1919ರಲ್ಲಿ ವರದಿ ಬಂತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡರಷ್ಟು ಬ್ರಾಹ್ಮಣೇತರರಿಗೆ ಸಿಗಬೇಕು ಎಂದಿತು ಸಮಿತಿ. ಅವರ ಮಕ್ಕಳಿಗೆ ವಿದ್ಯಾರ್ಥಿವೇತನ ಬೇಕು ಎಂದೂ ಹೇಳಿತು. ವಿಶ್ವೇಶ್ವರಯ್ಯನವರ ಕೆಲಸದ ಬಗ್ಗೆ ನನಗೆ ಅಪಾರ ಗೌರವವಿದೆ. ಈ ವಿಷಯದಲ್ಲಿ ಮಾತ್ರ ಮಹಾರಾಜರೇ ಸರಿ ಇದ್ದರು. ವಾರಾನ್ನದ ಏಳು ಮನೆಗಳೂ ಇಲ್ಲದ ಹುಡುಗನ ಪ್ರತಿಭೆಯನ್ನು ಅಳೆಯುವುದಾದರೂ ಹೇಗೆ?

ಹೊಸ ವಿಶ್ವವಿದ್ಯಾನಿಲಯ ಹೊರಗಿನಿಂದ ಬಂದ ಮೇಷ್ಟ್ರುಗಳನ್ನು ಮಾತ್ರ ಮನಸಾರೆ ಬರಮಾಡಿಕೊಂಡಿತು. ರಾಧಾಕೃಷ್ಣನ್ 1918ರಿಂದ 1921ರವರೆಗೆ ಇಲ್ಲಿ ತತ್ವಶಾಸ್ತ್ರ ಹೇಳಿಕೊಟ್ಟರು. ಕಲ್ಕತ್ತಕ್ಕೆ ಹೊರಟಾಗ ಹುಡುಗರು ಅವರ ಗಾಡಿಯ ಕುದುರೆ ಬಿಚ್ಚಿ, ತಾವೇ ರೈಲು ನಿಲ್ದಾಣದವರೆಗೆ ಎಳೆದರು. ಪಾರ್ಸಿ ಸಮುದಾಯದ ಎ.ಆರ್. ವಾಡಿಯಾ ಅದೇ ವಿಭಾಗದಲ್ಲಿ ದೀರ್ಘ ಕಾಲ ಇದ್ದರು. 1926ರಿಂದ 1941ರವರೆಗೆ ಸಂಸ್ಥಾನದ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್, ಮಹಾರಾಜರ ಸಹಪಾಠಿ. 1933ರಲ್ಲಿ ಸಂತ ಫಿಲೋಮಿನಾ ಚರ್ಚಿನ ಹೊಸ ಕಟ್ಟಡಕ್ಕೆ ಅಡಿಗಲ್ಲು ಇಟ್ಟವರೂ ನಾಲ್ವಡಿಯವರೇ. ಇವನ್ನೆಲ್ಲ ನಾವು ದಸರಾ ಭಾಷಣಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ, ಹೇಳಬೇಕು ಕೂಡ.

ಆ ಮಹಾರಾಜ ಕಾಲೇಜಿಗೆ ಮಲೆನಾಡಿನಿಂದ ಬಂದ ಒಬ್ಬ ಒಕ್ಕಲಿಗರ ಹುಡುಗ ಪುಟ್ಟಪ್ಪ. ಕಾಯಿಲೆ ಬಿದ್ದಾಗ ಅವರಿಗೆ ಆಸರೆಯಾದದ್ದು ಮೈಸೂರಿನ ರಾಮಕೃಷ್ಣ ಆಶ್ರಮ. ಸ್ವಾಮಿ ಸಿದ್ಧೇಶ್ವರಾನಂದರು ಕರೆದು ಇಟ್ಟುಕೊಂಡರು, 1926ರಿಂದ ಕುವೆಂಪು ಅಲ್ಲೇ ಉಳಿದರು. ಅವರನ್ನು ತಿದ್ದಿ ಬೆಳೆಸಿದ ಗುರು ಟಿ.ಎಸ್. ವೆಂಕಣ್ಣಯ್ಯ. ಮೂವತ್ತು ವರ್ಷದ ಬಳಿಕ, 1956ರಲ್ಲಿ, ಅದೇ ಹುಡುಗ ವಿಶ್ವವಿದ್ಯಾನಿಲಯದ ಕುಲಪತಿಯಾದರು. ಕುಕ್ಕರಹಳ್ಳಿ ಕೆರೆಯ ಆಚೆಗೆ ಹೊಸ ಆವರಣ ಕಟ್ಟಿಸಿ ಅದಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟರು. ಒಂದು ಊಟ, ಒಂದು ಕೋಣೆ ಸಿಕ್ಕರೆ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

1941ರಲ್ಲಿ ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯ ತೆರೆದರು. ಅದು ಯುದ್ಧದ ಕಾಲ, ಅಕ್ಕಿ ರಾಗಿಗೆ ತತ್ವಾರ. ಹುಡುಗರ ಊಟ ನಿಲ್ಲಬಾರದೆಂದು ಸ್ವಾಮಿಗಳು ಇಷ್ಟಲಿಂಗ ಇಡುವ ಚಿನ್ನದ ಕರಡಿಗೆಯನ್ನೇ ಮಾರಿದರು ಎಂದು ಮಠದವರು ಈಗಲೂ ನೆನೆಯುತ್ತಾರೆ. ಇವತ್ತಿನ ಜೆ.ಎಸ್.ಎಸ್. ಸಂಸ್ಥೆಗಳ ಬೇರು ಆ ಅಡುಗೆಮನೆಯಲ್ಲಿದೆ.

ಸ್ವಾತಂತ್ರ್ಯದ ನಂತರ ಊರಿಗೆ ಬರುವವರ ಬಗೆ ಬದಲಾಯಿತು. 1963ರಲ್ಲಿ ಶಿಕ್ಷಕರ ತರಬೇತಿಗೆ ಪ್ರಾದೇಶಿಕ ಕಾಲೇಜು ಬಂತು. ಕೇರಳ, ಆಂಧ್ರ, ತಮಿಳುನಾಡಿನ ಹುಡುಗ ಹುಡುಗಿಯರು ಅಲ್ಲಿಗೆ ಬಂದರು. ವಾಕ್ ಶ್ರವಣ ಸಂಸ್ಥೆ, 1969ರಲ್ಲಿ ಭಾರತೀಯ ಭಾಷಾ ಸಂಸ್ಥಾನ. ಇತ್ತ ಬೈಲಕುಪ್ಪೆಯಲ್ಲಿ ಟಿಬೆಟನ್ನರು ನೆಲೆಸಿದರು, ಅವರ ಮಕ್ಕಳು ಮೈಸೂರಿನ ಕಾಲೇಜುಗಳಿಗೆ ಸೇರಿದರು. ಇರಾನಿನ, ಅರಬ್ ದೇಶಗಳ, ಆಫ್ರಿಕಾದ ವಿದ್ಯಾರ್ಥಿಗಳೂ ಬಂದರು. ಸರಸ್ವತಿಪುರಂನ ರಸ್ತೆಯಲ್ಲಿ ಮೂರು ನಾಲ್ಕು ಭಾಷೆ ಒಟ್ಟಿಗೆ ಕೇಳಿಸುವುದು ಊರಿಗೆ ಮಾಮೂಲಾಯಿತು.

ಇದರಿಂದ ಹಳೆಯ ಗಾಯ ಮಾಯಿತೇ? 1973ರ ನವೆಂಬರ್‌ನಲ್ಲಿ ಉತ್ತರ ಸಿಕ್ಕಿತು. ಮೈಸೂರಿನ ಒಂದು ವಿಚಾರ ಸಂಕಿರಣದಲ್ಲಿ ಮಾತಾಡುತ್ತ, ದೇವರಾಜ ಅರಸು ಸಂಪುಟದ ಮಂತ್ರಿ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದುಬಿಟ್ಟರು. ದಲಿತರ ಬದುಕು ಅದರಲ್ಲಿಲ್ಲ ಎಂಬ ನೋವು ಆ ಮಾತಿನ ಹಿಂದಿತ್ತು. ಊರೂರುಗಳಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. ಸಾಹಿತ್ಯದ ಹೆಸರಿನಲ್ಲಿ ಎದ್ದ ಸಿಟ್ಟು ಹೋಗಿ ಬಿದ್ದದ್ದು ದಲಿತ ವಿದ್ಯಾರ್ಥಿಗಳ ಮೇಲೆ, ಅವರ ಹಾಸ್ಟೆಲ್ಲುಗಳ ಮೇಲೆ. ಎಷ್ಟೋ ಹುಡುಗರು ಏಟು ತಿಂದರು. ಬಸವಲಿಂಗಪ್ಪ ರಾಜೀನಾಮೆ ಕೊಡಬೇಕಾಯಿತು. ಕನ್ನಡದ ಅತಿ ದೊಡ್ಡ ಕವಿ ಕುವೆಂಪು ಮಾತ್ರ ಬಸವಲಿಂಗಪ್ಪನವರ ಪರ ನಿಂತರು. ಪೆಟ್ಟು ತಿಂದ ಹಾಸ್ಟೆಲ್ ಹುಡುಗರು ಮುಂದಿನ ವರ್ಷಗಳಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದರು. ಕನ್ನಡಕ್ಕೆ ದಲಿತ, ಬಂಡಾಯ ಸಾಹಿತ್ಯ ಬಂದದ್ದೂ ಈ ಕಾವಿನಲ್ಲೇ.

ಈ ಪ್ರಕರಣವನ್ನು ನಾವು ಸಾಹಿತ್ಯ ಚರಿತ್ರೆಯ ಅಧ್ಯಾಯವಾಗಿ ಓದುತ್ತೇವೆ. ನನಗೆ ಅದು ವಿಶ್ವವಿದ್ಯಾನಿಲಯದ ಊರಿನ ಅಧ್ಯಾಯವಾಗಿಯೇ ಜಾಸ್ತಿ ಕಾಣುತ್ತದೆ. ಐವತ್ತು ವರ್ಷ ಒಂದೇ ಬೆಂಚಿನಲ್ಲಿ ಕೂತ ಮೇಲೂ, ಯಾವ ಹಾಸ್ಟೆಲ್ಲಿನಲ್ಲಿ ಯಾರಿದ್ದಾರೆ ಎಂಬುದು ಕಲ್ಲು ತೂರುವವರಿಗೆ ಸರಿಯಾಗಿ ಗೊತ್ತಿತ್ತು. ಬೇರೆ ಬೇರೆ ಹಾಸ್ಟೆಲ್ಲುಗಳು ಬಡ ಮಕ್ಕಳನ್ನು ಊರಿಗೆ ಕರೆತಂದವು. ಅವರನ್ನು ಒಬ್ಬರಿಗೊಬ್ಬರು ಪರಿಚಯಿಸುವ ಕೆಲಸ ಬಾಕಿಯೇ ಉಳಿಯಿತು.

ಹಿಂದುಳಿದ ವರ್ಗಗಳ ಸ್ಥಿತಿ ನೋಡಲು ಅರಸು ಸರ್ಕಾರ 1972ರಲ್ಲಿ ನೇಮಿಸಿದ ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟಿತು. ಹಿಂದುಳಿದವರ ಸರ್ಕಾರಿ ಹಾಸ್ಟೆಲ್ಲುಗಳು ಹೆಚ್ಚಿದವು. ಇವತ್ತು ಮೈಸೂರಿನಲ್ಲಿ ಓದುವ ಹಳ್ಳಿ ಮಕ್ಕಳನ್ನು ಕೇಳಿ ನೋಡಿ, ಬಿ.ಸಿ.ಎಂ. ಹಾಸ್ಟೆಲ್ಲು ಇಲ್ಲದಿದ್ದರೆ ಓದೇ ಇಲ್ಲ ಅನ್ನುವವರು ಎಷ್ಟೋ ಮಂದಿ. ಆದರೆ ಸೀಟು ಸಿಗದವರ ಸಾಲು ಪ್ರತಿ ವರ್ಷ ಉದ್ದವೇ. ಅವರು ಬಾಡಿಗೆ ಕೋಣೆ ಹುಡುಕಬೇಕು.

ಅಲ್ಲಿ ನಡೆಯುವ ಮಾತುಕತೆ ಮೈಸೂರಿಗರಿಗೆ ಹೊಸದಲ್ಲ. ಟು ಲೆಟ್ ಬೋರ್ಡು ನೋಡಿ ಗೇಟು ತಟ್ಟಿದರೆ ಮೊದಲ ಪ್ರಶ್ನೆ, ‘ಯಾವೂರಪ್ಪ?’ ಎರಡನೆಯದು, ‘ಏನು ಓದ್ತಿದ್ದೀಯ?’ ಮೂರನೆಯದು, ‘ನಾನ್‌ವೆಜ್ ಮಾಡ್ತೀರಾ?’ ಆಮೇಲೆ ಸ್ವಲ್ಪ ತಡೆದು, ‘ನೀವು ಯಾವ ಪೈಕಿ?’ ಕೇಳುವವರು ಕೆಟ್ಟವರೇನಲ್ಲ, ನೀರು ಬೇಕಾ ಎಂದು ಕೇಳಿಯೇ ಮಾತು ಶುರುಮಾಡಿರುತ್ತಾರೆ. ಹೆಸರು ಕೇಳಿದ ಕೂಡಲೇ ಕೋಣೆ ‘ನಿನ್ನೆಯೇ ಹೋಯ್ತು’ ಆಗಿಬಿಡುತ್ತದೆ. ಮುಸ್ಲಿಂ ವಿದ್ಯಾರ್ಥಿಗಳು ಕೊನೆಗೆ ಉದಯಗಿರಿ, ಮಂಡಿ ಮೊಹಲ್ಲಾ ಕಡೆಗೇ ನೋಡುತ್ತಾರೆ. ಗೋಕುಲಂನಲ್ಲಿ ಯೋಗ ಕಲಿಯಲು ಯುರೋಪ್, ಅಮೆರಿಕದಿಂದ ಬಂದವರಿಗೆ ಮನೆ ಸಿಗುವುದು ಇಷ್ಟು ಕಷ್ಟವಲ್ಲ. ಅವರ ಅಡುಗೆಮನೆಯಲ್ಲಿ ಏನು ಬೇಯುತ್ತದೆ ಎಂದು ಕೇಳುವವರೂ ಕಡಿಮೆ.

ಭಯ ಹಬ್ಬಿದ ದಿನಗಳೂ ಇವೆ. 2009ರ ಜುಲೈನಲ್ಲಿ ಕ್ಯಾತಮಾರನಹಳ್ಳಿ ಸುತ್ತ ಕೋಮು ಗಲಭೆಯಾಯಿತು. 2012ರ ಆಗಸ್ಟ್‌ನಲ್ಲಿ ಅಸ್ಸಾಮಿನ ಗಲಭೆಯ ಬೆನ್ನಿಗೆ ಗಾಳಿಸುದ್ದಿ ಹರಡಿದಾಗ ಮೈಸೂರಿನಲ್ಲಿ ಟಿಬೆಟನ್ ವಿದ್ಯಾರ್ಥಿಯೊಬ್ಬನಿಗೆ ಚೂರಿ ಹಾಕಲಾಯಿತು. ಮರುದಿನದಿಂದ ಬೆಂಗಳೂರಿನಲ್ಲಿ ಈಶಾನ್ಯದ ಸಾವಿರಾರು ಜನ ಗುವಾಹಟಿ ರೈಲು ಹತ್ತಿದರು. 2020ರ ಜನವರಿಯಲ್ಲಿ ಮಾನಸಗಂಗೋತ್ರಿಯ ಪ್ರತಿಭಟನೆಯೊಂದರಲ್ಲಿ ಕಾಶ್ಮೀರದ ಬಗ್ಗೆ ಫಲಕ ಹಿಡಿದ ಯುವತಿಯ ಮೇಲೆ ದೇಶದ್ರೋಹದ ಕೇಸು ಬಿತ್ತು. ಆಕೆಯ ಪರ ವಾದಿಸುವುದಿಲ್ಲ ಎಂದು ಸ್ಥಳೀಯ ವಕೀಲರ ಸಂಘ ನಿರ್ಣಯ ಮಾಡಿತು. ಬೇರೆ ಊರುಗಳ ವಕೀಲರು ಬಂದು ನಿಂತರು, ನಿರೀಕ್ಷಣಾ ಜಾಮೀನು ಸಿಕ್ಕಿತು. ಫಲಕದ ಮಾತನ್ನು ಒಪ್ಪದಿರುವ ಹಕ್ಕು ಎಲ್ಲರಿಗೂ ಇದೆ. ವಕೀಲರೇ ಸಿಗದಂತೆ ಮಾಡುವುದು ವಿಶ್ವವಿದ್ಯಾನಿಲಯವಿರುವ ಊರಿಗೆ ಒಪ್ಪುವ ಕೆಲಸವಲ್ಲ.

2022ರ ಹಿಜಾಬ್ ಗಲಾಟೆಯಲ್ಲಿ ಮಾತ್ರ ಇಲ್ಲಿ ಬೇರೆಯದೊಂದು ದಾರಿಯೂ ಕಂಡಿತು. ರಾಜ್ಯದ ಎಷ್ಟೋ ಕಾಲೇಜುಗಳ ಗೇಟಿನಲ್ಲಿ ಹುಡುಗಿಯರನ್ನು ತಡೆಯುತ್ತಿದ್ದಾಗ, ಮೈಸೂರಿನ ಒಂದು ಖಾಸಗಿ ಕಾಲೇಜು ತನ್ನ ಸಮವಸ್ತ್ರದ ನಿಯಮವನ್ನೇ ಕೈಬಿಟ್ಟು ಅವರನ್ನು ತರಗತಿಯಲ್ಲಿ ಕೂರಿಸಿಕೊಂಡಿತು.

ಜಾತಿ, ಧರ್ಮ, ಭಾಷೆಯ ಹೆಸರಿನಲ್ಲಿ ವಿದ್ಯಾರ್ಥಿಗಳನ್ನು ಬೇರೆಯಾಗಿ ಕಾಣಬಾರದು, ದೂರು ಕೇಳಲು ಪ್ರತ್ಯೇಕ ಅಧಿಕಾರಿ ಇರಬೇಕು ಎಂದು ಯು.ಜಿ.ಸಿ. 2012ರಲ್ಲೇ ನಿಯಮ ಮಾಡಿತು. ಆ ನಿಯಮಗಳ ಕೈ ಆವರಣದ ಗೋಡೆ ದಾಟುವುದಿಲ್ಲ. ಬಾಡಿಗೆ ಕೋಣೆ ಗೋಡೆಯ ಆಚೆಗಿದೆ. ಸಾಂಸ್ಕೃತಿಕ ಉತ್ಸವ, ಆಹಾರ ಮೇಳ ಮಾಡುವ ಹುಮ್ಮಸ್ಸಿನಲ್ಲಿ ಸ್ವಲ್ಪವನ್ನು ಈ ಕಡೆ ತಿರುಗಿಸಬಹುದು. ಹೆಸರು, ಜಾತಿ, ಊಟ ಕೇಳದೆ ಕೋಣೆ ಕೊಡುವ ಮನೆಗಳ ಪಟ್ಟಿಯೊಂದನ್ನು ವಿಶ್ವವಿದ್ಯಾನಿಲಯ ತಾನೇ ಇಟ್ಟುಕೊಳ್ಳಬಹುದು. ಬಾಡಿಗೆಗೂ ಬಾಗಿಲಿಗೂ ತಾನು ಜವಾಬ್ದಾರಿ ಎಂದು ಮನೆಯವರಿಗೆ ಭರವಸೆ ಕೊಡಬಹುದು. ತನ್ನ ಹಾಸ್ಟೆಲ್ಲುಗಳಲ್ಲಿ ಕೋಣೆ ಹಂಚುವಾಗ ಮಣಿಪುರದ ಹುಡುಗಿಯನ್ನೂ ಚಾಮರಾಜನಗರದ ಹುಡುಗಿಯನ್ನೂ ಬೇಕೆಂದೇ ಒಟ್ಟಿಗೆ ಹಾಕಬಹುದು. ಹೊಸ ಸಾಲಿನ ಪ್ರವೇಶ ಶುರುವಾಗುವ ಮುಂಚೆ ಈ ಪಟ್ಟಿಯ ಕೆಲಸ ಕೈಗೆತ್ತಿಕೊಂಡರೆ, ಸೀಟು ಸಿಗದ ಸಾಲಿನಲ್ಲಿ ನಿಂತ ಮಕ್ಕಳಿಗೆ ಈ ವರ್ಷವೇ ಉಪಯೋಗವಾದೀತು.