ಇಲಿಯನ್ನು ಕೊಲ್ಲುವುದು ಪಾಪವೇ?

ಪ್ರಶ್ನೆ: ಡೊಂಬಿವಲಿಯಲ್ಲಿ ನಮ್ಮದು ನೆಲಮಹಡಿಯ ಮನೆ. ಮಳೆ ಹಿಡಿದರೆ ಇಲಿಗಳ ಕಾಟ. ಅಂಟಿನ ರಟ್ಟು ಇಟ್ಟು ಹಿಡಿಯುತ್ತೇವೆ. ಗಣಪತಿಯ ವಾಹನವನ್ನು ಕೊಲ್ಲುವುದು ಪಾಪ ಎನ್ನುತ್ತಾರೆ ಅತ್ತೆ. ಬಂಗುಡೆ ತಿನ್ನುವ ನಮಗೆ ಇಲಿಯ ಮೇಲೇಕೆ ಕರುಣೆ ಎನ್ನುತ್ತಾರೆ ಯಜಮಾನರು. ಯಾರು ಸರಿ?

ಉತ್ತರ: ಇಲಿಯನ್ನು ಮನೆಯಿಂದ ತೊಲಗಿಸುವುದರಲ್ಲಿ, ಬೇರೆ ದಾರಿಯಿಲ್ಲದಿದ್ದರೆ ಕೊಲ್ಲುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. 1896ರ ಪ್ಲೇಗನ್ನು ಮುಂಬಯಿಯ ಮನೆಮನೆಗೆ ಹೊತ್ತು ತಂದದ್ದು ಇಲಿ ಮತ್ತು ಅದರ ಮೈಮೇಲಿನ ಚಿಗಟ. ಇಲಿಯ ಮೂತ್ರ ಬೆರೆತ ನೀರಿನಲ್ಲಿ ಗಾಯದ ಕಾಲಿಟ್ಟವರಿಗೆ ಈಗಲೂ ಇಲಿಜ್ವರ ಬರುತ್ತದೆ. 2005ರ ಜುಲೈ 26ರ ನೆರೆಯ ಬೆನ್ನಲ್ಲೇ ಈ ಊರು ಅದನ್ನು ಕಂಡಿತು. ಸುಮ್ಮನಿರಿ ಎನ್ನಲು ನನಗೆ ಬಾಯಿ ಬಾರದು.

ಆದರೆ ಆ ರಟ್ಟನ್ನು ಇಂದೇ ಬಿಟ್ಟುಬಿಡಿ. ಮಾಟುಂಗಾದ ನಮ್ಮ ಅಡುಗೆಮನೆಯಲ್ಲಿ ನಾನೂ ಒಮ್ಮೆ ಇಟ್ಟಿದ್ದೆ. ನಡುರಾತ್ರಿ ಕೀಚಲು ಸದ್ದು ಕೇಳಿ ದೀಪ ಹಾಕಿದರೆ ಒಂದು ಮರಿ. ಮೂರು ಕಾಲು ಅಂಟಿನಲ್ಲಿ ಹೂತಿದ್ದವು, ನಾಲ್ಕನೆಯದು ಎಳೆದೆಳೆದು ಚರ್ಮ ಕಿತ್ತುಬಂದಿತ್ತು. ಪಕ್ಕೆ ಏರಿಳಿಯುತ್ತಲೇ ಇತ್ತು. ಕೊಲ್ಲಲು ಕೈ ಬಾರದೆ ಹಳೆಯ ಪೇಪರಿನಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕಿದೆ. ಬೆಳಗ್ಗೆ ಕಸ ಒಯ್ಯುವ ಮೌಶಿ ಪೊಟ್ಟಣ ಬಿಚ್ಚಿ, "ಅಜೂನ್ ಜಿವಂತ ಆಹೆ" ಎಂದರು. ಇನ್ನೂ ಜೀವವಿತ್ತು. ಆ ಮಾತು ಇವತ್ತಿಗೂ ಚುಚ್ಚುತ್ತದೆ. ನಾನು ಮಾಡಲಾರದ ಕೊಲೆಯನ್ನು ಹಸಿವು, ಬಾಯಾರಿಕೆಗಳಿಗೆ ಒಪ್ಪಿಸಿ ಮಲಗಿದ್ದೆ.

ಯಜಮಾನರಿಗೆ ಇಷ್ಟು ಹೇಳಿ: 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೇ ಆಹಾರಕ್ಕಾಗಿ ಕೊಲ್ಲುವುದನ್ನೂ ಅನಗತ್ಯವಾಗಿ ನರಳಿಸುವುದನ್ನೂ ಬೇರೆಬೇರೆಯಾಗಿ ನೋಡುತ್ತದೆ. ಬಂಗುಡೆಯೂ ಉಸಿರುಗಟ್ಟಿಯೇ ಸಾಯುತ್ತದೆ, ನಿಜ. ಮೀನು ತಿನ್ನುವ ನನಗೂ ಆ ಲೆಕ್ಕ ಬಗೆಹರಿದಿಲ್ಲ. ಹಾಗೆಂದು ಕಣ್ಣೆದುರಿನ ನರಳಾಟವನ್ನು ಲೆಕ್ಕದಿಂದ ಬಿಡಲಾಗುತ್ತದೆಯೇ?

ಹೆಣ್ಣಿಲಿ ಗಬ್ಬವಾದ ಮೂರು ವಾರಕ್ಕೆ ಮರಿ ಹಾಕುತ್ತದೆ, ಕೊಂದು ತೀರಿಸಲಾಗದು. ಮೊದಲು ಮೋರಿಗೆ ಜಾಲರಿ ಹಾಕಿಸಿ, ಸಿಂಕಿನ ಕೆಳಗಿನ ಕಿಂಡಿಗೆ ಸಿಮೆಂಟು ಮೆತ್ತಿಸಿ, ರಾತ್ರಿ ಕಸದ ಡಬ್ಬಿಗೆ ಮುಚ್ಚಳವಿರಲಿ. ಆಮೇಲೂ ಬಂದರೆ ಒಂದೇ ಏಟಿಗೆ ಮುಗಿಸುವ ಸ್ಪ್ರಿಂಗ್ ಬೋನು ಇಡಿ. ಈಗಾಗಲೇ ರಟ್ಟಿನ ಮೇಲೆ ಯಾವುದಾದರೂ ಸಿಕ್ಕಿಕೊಂಡಿದ್ದರೆ, ದಪ್ಪ ಕೈಗವಸು ಹಾಕಿಕೊಂಡು ಕಾಲುಗಳ ಸುತ್ತ ಅಡುಗೆ ಎಣ್ಣೆ ಸುರಿಯಿರಿ. ಅಂಟು ನಿಧಾನಕ್ಕೆ ಬಿಡುತ್ತದೆ.